ಮೂರನೇ ದಿನ ಮಂಡಿಯೂರಬೇಡಿ

ರಜೆಗೆ ಹೋದ ದ್ವೀಪದಲ್ಲಿ ಸಂಗಾತಿಗೆ ಗೊತ್ತಿಲ್ಲದಂತೆ ಪ್ರಪೋಸ್ ಮಾಡುವ ಯೋಚನೆ ನಿಮಗಿದ್ದರೆ ಒಂದೈದು ನಿಮಿಷ ಕೊಡಿ. ನಾನು ಉಂಗುರ ತಂದವಳಲ್ಲ, ತೊಡಿಸಿಕೊಂಡವಳು. ಈ ಕಡೆಯ ಕಥೆಯನ್ನು ಯಾರೂ ಹೇಳುವುದಿಲ್ಲ. ವಿಡಿಯೋದಲ್ಲಿ ಕಾಣುವುದು ಬಾಯಿ ಮುಚ್ಚಿಕೊಂಡು ಅಳುವ ಹುಡುಗಿ ಮಾತ್ರ. ನಾನೂ ಹಾಗೇ ಅತ್ತೆ. ಕಾರಣ ಬೇರೆ.

ಏಳು ದಿನದ ಪ್ರವಾಸ. ನಾಲ್ಕು ವರ್ಷದ ಒಡನಾಟ. ಹೊರಡುವ ಎರಡು ತಿಂಗಳ ಮೊದಲೇ ಅವನಿಗೆ ಹೇಳಿದ್ದೆ: ಓದು ಮುಂದುವರಿಸಬೇಕು, ಎರಡು ವರ್ಷ ಮದುವೆ ಮಾತು ಬೇಡ. ಅವನು "ಸರಿ" ಅಂದಿದ್ದ. ಆ "ಸರಿ" ಅವನ ತಲೆಯಲ್ಲಿ "ಇವಳಿಗೆ ಸ್ವಲ್ಪ ಧೈರ್ಯ ತುಂಬಬೇಕು" ಅಂತ ಯಾವಾಗ ಬದಲಾಯಿತೋ.

ಸುಳಿವು ಇರಲಿಲ್ಲ ಅಂತಲ್ಲ. ಹೊರಡುವ ಹಿಂದಿನ ದಿನ ಉಗುರಿಗೆ ಬಣ್ಣ ಹಚ್ಚಿಕೋ ಅಂದ. ನಾಲ್ಕು ವರ್ಷದಲ್ಲಿ ನನ್ನ ಉಗುರಿನ ಕಡೆ ನೋಡಿದವನಲ್ಲ. ಏರ್‌ಪೋರ್ಟ್ ತಪಾಸಣೆಯಲ್ಲಿ ನನ್ನನ್ನು ಬೇರೆ ಸಾಲಿಗೆ ಅಟ್ಟಿದ. (ಉಂಗುರವನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕದೆ ಕೈಯಲ್ಲಿರುವ ಬ್ಯಾಗಿನಲ್ಲೇ ಇಟ್ಟಿದ್ದ. ಅವನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು.) ಮೂರನೇ ದಿನ ಸಂಜೆ ಐದೂವರೆಗೆಲ್ಲ ಪಡುವಣ ದಂಡೆಗೆ ಹೋಗಲೇಬೇಕು ಅಂತ ಹಟ ಹಿಡಿದ.

ಅವತ್ತು ಹುಣ್ಣಿಮೆ. ಚೆನ್ನಾಗಿರುತ್ತದೆ ಅಂತ ಅವನೇ ಹುಡುಕಿ ಆರಿಸಿದ ದಿನ. ಹುಣ್ಣಿಮೆಯ ಆಸುಪಾಸಿನಲ್ಲಿ ಸಮುದ್ರ ಹೇಗಿರುತ್ತದೆ ಅಂತ ಮಾತ್ರ ಹುಡುಕಿರಲಿಲ್ಲ. ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬರುವುದರಿಂದ ಆಗ ಉಬ್ಬರ ಜಾಸ್ತಿ ಮೇಲೆ ಬರುತ್ತದೆ, ಇಳಿತ ಜಾಸ್ತಿ ಕೆಳಗೆ ಹೋಗುತ್ತದೆ. ಮಧ್ಯಾಹ್ನ ನೀರು ದೂರ ಸರಿದಿದ್ದಾಗ ರೆಸಾರ್ಟಿನವರು ಒದ್ದೆ ಮರಳಿನ ಮೇಲೆ ಹೃದಯದ ಆಕಾರಕ್ಕೆ ಮೇಣದಬತ್ತಿ ನೆಟ್ಟಿದ್ದರು. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ. ಇಳಿದ ನೀರು ಪೂರ್ತಿ ಏರಲು ಸುಮಾರು 6 ಗಂಟೆ ಬೇಕು. ಅದರಲ್ಲೂ ನಡುವಿನ 2 ಗಂಟೆಗಳಲ್ಲಿ ಏರುವ ವೇಗ ಎಲ್ಲಕ್ಕಿಂತ ಹೆಚ್ಚು. ಅವನು ಮಂಡಿಯೂರಿದ್ದು ಸರಿಯಾಗಿ ಆ ಹೊತ್ತಿಗೆ.

ಹೃದಯದ ಚೂಪು ತುದಿ ಮೊದಲು ಆರಿತು. ಆಮೇಲೆ ಎಡಗಡೆ ನಾಲ್ಕು. ಅವನು ಏನೋ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಹೇಳುತ್ತಿದ್ದ. ಒಂದು ಮಾತೂ ನೆನಪಿಲ್ಲ. ಎಷ್ಟು ದೀಪ ಉಳಿದಿವೆ ಅಂತ ನಾನು ಎಣಿಸುತ್ತಿದ್ದೆ.

ಅಷ್ಟರಲ್ಲಿ ಮರದ ಹಿಂದಿನಿಂದ "ಬೇಗ, ಬೆಳಕು ಹೋಗ್ತಿದೆ" ಅಂತ ದನಿ. ಫೋಟೋಗ್ರಾಫರ್! ಭೂಮಧ್ಯರೇಖೆಯ ಹತ್ತಿರ ಸೂರ್ಯ ಓರೆಯಾಗಿ ಜಾರುವುದಿಲ್ಲ, ನೆಟ್ಟಗೆ ಇಳಿಯುತ್ತಾನೆ. ಮುಳುಗಿ 20-25 ನಿಮಿಷಕ್ಕೆಲ್ಲ ಕತ್ತಲು. ಅದಕ್ಕೇ ಅವನಿಗೆ ಅವಸರ. ಸುತ್ತ ಹದಿನೈದು ಜನ ಪರಿಚಯವಿಲ್ಲದವರು ಫೋನ್ ಎತ್ತಿ ಹಿಡಿದು ನಿಂತಿದ್ದಾರೆ. ಬೆಳಕು ಹೋಗುತ್ತಿದೆ, ನೀರು ಬರುತ್ತಿದೆ, ಇವನ ಮಂಡಿ ಒದ್ದೆಯಾಗಿದೆ. ಆಗ "ಯೋಚನೆ ಮಾಡಿ ಹೇಳ್ತೀನಿ" ಅನ್ನೋಕೆ ಆಗುತ್ತಾ? "ಹೂಂ" ಅಂದೆ. ಚಪ್ಪಾಳೆ.

ಉಂಗುರ ಗೆಣ್ಣಿನ ಹತ್ತಿರ ನಿಂತಿತು. ನನ್ನ ಹಳೆಯ ಉಂಗುರ ಕದ್ದು ಅಳತೆ ಕೊಟ್ಟಿದ್ದನಂತೆ. ಆದರೆ ಸೆಕೆಗೆ ಬೆರಳು ಊದಿಕೊಳ್ಳುತ್ತದೆ, ಊರಲ್ಲಿ ಸರಿಯಾಗಿದ್ದ ಅಳತೆ ಅಲ್ಲಿ ಬಿಗಿ. ಕ್ಯಾಮೆರಾ ನೋಡುತ್ತಿದೆಯಲ್ಲ, ಒತ್ತಿ ದಾಟಿಸಿಬಿಟ್ಟ.

ರಾತ್ರಿ ಹನ್ನೊಂದಕ್ಕೆ ಹೇಳಿದೆ. ಹೂಂ ಅಂದದ್ದು ಆ ಜನಕ್ಕೆ, ನಿನಗಲ್ಲ ಅಂತ. ಅವನು ಜಗಳ ಆಡಲಿಲ್ಲ, ಆಡಿದ್ದರೆ ಸುಲಭವಿತ್ತು. ಉಂಗುರ ವಾಪಸ್ ಕೊಡೋಣ ಅಂದರೆ ಬರುತ್ತಿಲ್ಲ. ಸೋಪು ಹಚ್ಚಿದೆ. ತಣ್ಣೀರಿನಲ್ಲಿ ಅದ್ದಿದೆ. ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದುಕೊಂಡು ಹತ್ತು ನಿಮಿಷ ಕೂತೆ. ಕೊನೆಗೆ ಕೆಲಸ ಮಾಡಿದ್ದು ಹಲ್ಲಿನ ಸಂದು ತೆಗೆಯುವ ದಾರ. ಅದರ ಒಂದು ತುದಿಯನ್ನು ಉಂಗುರದ ಕೆಳಗಿನಿಂದ ಅಂಗೈ ಕಡೆಗೆ ತೂರಿಸಿ, ಉಳಿದದ್ದನ್ನು ಗೆಣ್ಣು ದಾಟುವವರೆಗೆ ಬೆರಳಿಗೆ ಒತ್ತೊತ್ತಾಗಿ ಸುತ್ತಬೇಕು. ಆಮೇಲೆ ಅಂಗೈ ಕಡೆಯ ತುದಿ ಹಿಡಿದು ಬಿಚ್ಚುತ್ತಾ ಬಂದರೆ ಉಂಗುರ ಒಂದೊಂದೇ ಸುತ್ತು ಮುಂದೆ ಸರಿಯುತ್ತದೆ. ಒಂದೇ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಬಚ್ಚಲಿನ ನೆಲದ ಮೇಲೆ ಕೂತು ಅವನೇ ಬಿಚ್ಚಿದ. "ನೋವಾಗ್ತಿದೆಯಾ?" ಅಂತ ಎರಡು ಸಲ ಕೇಳಿದ.

ಬೇರೆ ಊರಾಗಿದ್ದರೆ ನಾನು ಆ ರಾತ್ರಿಯೇ ಬಸ್ಸು ಹತ್ತುತ್ತಿದ್ದೆ. ಆದರೆ ಅದು ದ್ವೀಪ. ದೋಣಿ ದಿನ ಬಿಟ್ಟು ದಿನ. ವಿಮಾನದ ಟಿಕೆಟ್ ಅಗ್ಗದ್ದು, ತಾರೀಖು ಬದಲಿಸಲು ಬರುವುದಿಲ್ಲ. ಇನ್ನೂ ನಾಲ್ಕು ದಿನ ಅದೇ ಕೋಣೆ, ಅದೇ ಹಾಸಿಗೆ. ಅದರ ಮೇಲೆ ದಿನಾ ಟವಲಿನಲ್ಲಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು. ಹೋದಲ್ಲೆಲ್ಲ ಅಭಿನಂದನೆ. ಇಡೀ ದ್ವೀಪ ಸುತ್ತಲು ನಲವತ್ತು ನಿಮಿಷ ಸಾಕು, ಎಷ್ಟು ತಪ್ಪಿಸಿಕೊಂಡರೂ ದಂಡೆಯಲ್ಲಿ ಇಬ್ಬರೂ ಎದುರಾಗುತ್ತಿದ್ದೆವು. ನನಗಿಂತ ಅವನ ಪಾಡು ಕಷ್ಟವಾಗಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಇನ್ನೊಂದಿದೆ. ಕತ್ತಲಾಗುವ ಮುಂಚೆಯೇ ವಿಡಿಯೋ ಎರಡೂ ಮನೆಗೆ ಹೋಗಿತ್ತು. ನಾನು ಅಮ್ಮನಿಗೆ ಫೋನ್ ಮಾಡುವ ಹೊತ್ತಿಗೆ ಅವರು ಅತ್ತು ಮುಗಿಸಿದ್ದರು, ಖುಷಿಗೆ. ಅದನ್ನು ಬಿಡಿಸಿ ಹೇಳುವುದಕ್ಕೆ ತಗುಲಿದ ತಿಂಗಳುಗಳ ಬಗ್ಗೆ ಇಲ್ಲಿ ಬರೆಯಲಾರೆ.

ಆದ್ದರಿಂದ, ಯೋಜನೆ ಹಾಕುತ್ತಿರುವವರೇ, ದಿನ, ಜಾಗ, ಉಂಗುರ ಬೇಕಾದರೆ ಗುಟ್ಟಾಗಿರಲಿ. ಮದುವೆಯ ಮಾತನ್ನು ಮಾತ್ರ ಊರಲ್ಲೇ ಆಡಿ ಮುಗಿಸಿ. "ಈಗ ಬೇಡ" ಅಂತ ಹೇಳಿದವರಿಗೆ ಅದನ್ನು ಬದಲಾಯಿಸಿಕೊಳ್ಳಲು ಸಮುದ್ರ ತೋರಿಸಬೇಡಿ. ಕೇಳಲೇಬೇಕು ಅಂತಿದ್ದರೆ ಕೊನೆಯ ಸಂಜೆ ಕೇಳಿ, ಮಾರನೇ ದಿನ ಹೊರಡಬಹುದು. ಇಬ್ಬರೇ ಇರಿ. ಕ್ಯಾಮೆರಾದವನನ್ನು ಉತ್ತರ ಸಿಕ್ಕ ಮೇಲೆ ಕರೆಯಿರಿ, ಬೆಳಕು ಹೋದರೆ ಹೋಗಲಿ. ಉಬ್ಬರದ ವೇಳಾಪಟ್ಟಿಯನ್ನು ದೋಣಿಯವರ ಹತ್ತಿರ ಕೇಳಿದರೆ ಸುಮ್ನೆ ಹೇಳುತ್ತಾರೆ.

ನನ್ನ ಜಾಗದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಒಂದು ಉಪಾಯ. ನನಗೆ ತಡವಾಗಿ ಹೊಳೆದದ್ದು. ಅವರನ್ನು ಎಬ್ಬಿಸಿ ತಬ್ಬಿಕೊಳ್ಳಿ. ಕಿವಿಯಲ್ಲಿ "ಕೋಣೆಗೆ ಹೋಗಿ ಮಾತಾಡೋಣ" ಅನ್ನಿ. ನೋಡುವವರು ಹೇಗಿದ್ದರೂ ಚಪ್ಪಾಳೆ ಹೊಡೆಯುತ್ತಾರೆ. ಉಂಗುರ ಡಬ್ಬಿಯಲ್ಲೇ ಇರಲಿ.

ಊರಿಗೆ ಬಂದು ಆರು ವಾರಕ್ಕೆ ಗೆಳತಿಯೊಬ್ಬಳು ಲಿಂಕ್ ಕಳಿಸಿದಳು. ರೆಸಾರ್ಟಿನವರು ನಮ್ಮ ವಿಡಿಯೋವನ್ನು ಜಾಹೀರಾತು ಮಾಡಿ ಹಾಕಿದ್ದರು. ಆರುತ್ತಿದ್ದ ದೀಪಗಳನ್ನು ಕತ್ತರಿಸಿದ್ದರು, ನನ್ನ ಅಳುವನ್ನು ಇಟ್ಟುಕೊಂಡಿದ್ದರು. ತೆಗೆಯಿರಿ ಅಂತ ಮೂರು ಮೇಲ್ ಬರೆದೆ. ಬುಕಿಂಗ್ ಯಾರ ಹೆಸರಿನಲ್ಲಿದೆಯೋ ಅವರೇ ಕೇಳಬೇಕು ಅಂತ ಉತ್ತರ ಬಂತು. ಅವನಿಗೆ ಫೋನ್ ಮಾಡಿದೆ, ಅಷ್ಟು ದಿನದಲ್ಲಿ ಮೊದಲ ಸಲ. ಸಂಜೆಯೊಳಗೆ ತೆಗೆಸಿದ.