ಅಮೆರಿಕದ ಥರ್ಮೋಸ್ಟಾಟನ್ನು ವಿಜಯಪುರದ ಗೋಡೆಗೆ ಹಚ್ಚುವ ಮೊದಲು

ಕಳೆದ ಸಂಕ್ರಮಣದ ವಾರ, ಊರೆಲ್ಲ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿದ್ದಾಗ, ನಮ್ಮ ಅವ್ವ ನಸುಕಿನ ನಾಲ್ಕು ಗಂಟೆಯಿಂದ ಎರಡು ಕೌದಿ ಹೊದ್ದು ಮಂಚದ ಮೇಲೆ ಕುಳಿತಿದ್ದಳು. ಕೋಣೆಯ ಏಸಿ ಬೆಚ್ಚನೆಯ ಗಾಳಿ ಬಿಡುವುದನ್ನು ನಿಲ್ಲಿಸಿತ್ತು. ಮಕ್ಕಳ ನಿದ್ದೆ ಕೆಡುತ್ತದೆ ಎಂದು ಅವಳು ಯಾರನ್ನೂ ಎಬ್ಬಿಸಲಿಲ್ಲ. ಆರು ಗಂಟೆಗೆ ನಾನು ಚಹಾ ಒಯ್ದಾಗ ಕಪ್ಪಿನ ಕಿವಿ ಹಿಡಿಯಲು ಅವಳ ಬೆರಳು ಬಾಗಲಿಲ್ಲ. ಬಸಿಗೆ ಸುರಿದುಕೊಟ್ಟೆ. ಎರಡೂ ಅಂಗೈ ಒತ್ತಿ ಹಿಡಿದು ಕುಡಿದಳು. ಸಂಧಿವಾತ ಇರುವವರಿಗೆ ಚಳಿ ಏನು ಮಾಡುತ್ತದೆ ಎಂಬುದು ಮನೆಯಲ್ಲಿ ಅಂಥವರು ಇದ್ದವರಿಗೆ ಗೊತ್ತು.

ವಿಜಯಪುರಕ್ಕೆ ಬಿಸಿಲಿನ ಊರೆಂದೇ ಹೆಸರು. ಆದರೆ ಡಿಸೆಂಬರ್, ಜನವರಿಯಲ್ಲಿ ನಸುಕಿನ ಹೊತ್ತು ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಇಲ್ಲಿಯವರಿಗೆ ಹೊಸದಲ್ಲ. ಅದೇ ದಿನ ಮಧ್ಯಾಹ್ನ 30ರ ಹತ್ತಿರ ಏರುತ್ತದೆ. ನಮ್ಮ ಮನೆಯ ಕೆಳಗಿನ ಭಾಗ ಹಳೆಯದು, ದಪ್ಪ ಕಲ್ಲಿನ ಗೋಡೆ, ಹಗಲೆಲ್ಲ ತಣ್ಣಗೆ ಇರುತ್ತದೆ. ಮೇಲಿನ ಕೋಣೆಗೆ ಆರ್‌ಸಿಸಿ ಛಾವಣಿ, ಮಧ್ಯಾಹ್ನವಾದರೆ ಕಾದ ಹಂಚು. ರೂಮ್ ಹೀಟರ್ ಒಂದು ಯೂನಿಟ್ ವಿದ್ಯುತ್ ತಿಂದು ಒಂದು ಯೂನಿಟ್ ಶಾಖವನ್ನಷ್ಟೇ ಕೊಡುತ್ತದೆ. ಬಿಸಿ ಮತ್ತು ತಂಪು ಎರಡೂ ಮಾಡುವ ಏಸಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ಎಳೆದು ತರುವುದರಿಂದ ನಮ್ಮ ಊರಿನ ಚಳಿಯಲ್ಲಿ ಅದರ ಮೂರರಷ್ಟು ಕೊಡಬಲ್ಲದು. ಆ ಲೆಕ್ಕ ನೋಡಿಯೇ ಅಂಥದ್ದನ್ನು ಕೊಂಡೆವು: ಹೊರಗೆ ಒಂದು ಔಟ್‌ಡೋರ್ ಯೂನಿಟ್, ಒಳಗೆ ಅವ್ವನ ಕೋಣೆ, ನಮ್ಮ ಕೋಣೆ, ಮೇಲೆ ಮಗಳು ಓದುವ ಕೋಣೆ, ಹೀಗೆ ಮೂರು ಇಂಡೋರ್ ಯೂನಿಟ್. ಕೊಳ್ಳುವ ನಿರ್ಧಾರ ತಪ್ಪಾಗಿರಲಿಲ್ಲ. ತಪ್ಪು ಆಮೇಲೆ ನಡೆಯಿತು.

ಡಿಸೆಂಬರಿನಲ್ಲಿ ನ್ಯೂಜೆರ್ಸಿಯಿಂದ ಬಂದ ನನ್ನ ತಮ್ಮ ಚೀಲದಲ್ಲಿ ಮೂರು ಸ್ಮಾರ್ಟ್ ಥರ್ಮೋಸ್ಟಾಟ್ ತಂದಿದ್ದ. ಕೋಣೆಯ ಉಷ್ಣತೆ ನೋಡಿಕೊಂಡು ಬಿಸಿ ಮಾಡುವ ಯಂತ್ರವನ್ನು ನಡೆಸುವ, ನಿಲ್ಲಿಸುವ, ಫೋನಿಗೂ ಜೋಡಿಸಬಹುದಾದ ಗೋಡೆಯ ಸಾಧನ ಅದು. ಅವನ ಮನೆಯಲ್ಲಿ ಅಂತಸ್ತಿಗೊಂದು ಇವೆ. ಅವ್ವನ ಕೋಣೆ ಎಷ್ಟು ಬೆಚ್ಚಗಿದೆ ಎಂದು ಅಲ್ಲಿಂದಲೇ ಫೋನಿನಲ್ಲಿ ನೋಡಬೇಕು, ಬೇಕಾದರೆ ಒಂದು ಡಿಗ್ರಿ ಏರಿಸಬೇಕು ಎಂಬ ಆಸೆ ಅವನದು. ದೂರ ಇರುವ ಮಗನ ಆಸೆ, ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ಏಸಿ ಮಾರಿದ ಅಂಗಡಿಯವರನ್ನು ಕೇಳಿದೆವು. "ಯಾವುದಾದರೂ ಹೊಂದುತ್ತದೆ, ಎಲೆಕ್ಟ್ರಿಷಿಯನ್ ಕರೆಸಿ" ಎಂದರು. ಆ ಒಂದು ಮಾತನ್ನು ನಂಬಿ ನಾನು ಹೂಂ ಎಂದೆ.

ತಮ್ಮ ಹೊರಟ ಎರಡು ದಿನಕ್ಕೆ ಎಲೆಕ್ಟ್ರಿಷಿಯನ್ ಬಂದ. ಒಳ್ಳೆಯ ಹುಡುಗ, ಮನೆಯ ವೈರಿಂಗ್ ಎಲ್ಲ ಅವನದೇ ಕೈಕೆಲಸ. ಥರ್ಮೋಸ್ಟಾಟಿನ ಹಿಂಬದಿಯ ತಟ್ಟೆಯಲ್ಲಿ ಆರ್, ಸಿ, ಡಬ್ಲ್ಯು, ವೈ, ಜಿ ಎಂದು ಪುಟ್ಟ ಪುಟ್ಟ ಸ್ಕ್ರೂಗಳಿದ್ದವು. "ಅಕ್ಕಾವರೇ, ಫೇಸ್ ಯಾವುದಕ್ಕೆ ಕೊಡಲಿ?" ಎಂದು ಕೇಳಿದ. ತಮ್ಮನಿಗೆ ಫೋನ್ ಮಾಡೋಣವೆಂದರೆ ಇಲ್ಲಿ ಬೆಳಿಗ್ಗೆ ಹನ್ನೊಂದು, ಅಲ್ಲಿ ನಡುರಾತ್ರಿ. ಆರ್ ಎಂದರೆ ರೆಡ್, ಕೆಂಪು ತಂತಿಯೇ ಫೇಸ್ ಎಂದು ಅವನೇ ಊಹಿಸಿ 230 ವೋಲ್ಟಿನ ತಂತಿಯನ್ನು ಅಲ್ಲಿ ಬಿಗಿದ. ಸ್ವಿಚ್ ಹಾಕಿದ ಕ್ಷಣಕ್ಕೆ ಚಟ್ ಎಂದಿತು. ಬೆಲ್ಲ ಸೀದಂಥ, ಪ್ಲಾಸ್ಟಿಕ್ ಕರಗಿದಂಥ ವಾಸನೆ ಅಡುಗೆಮನೆಯವರೆಗೂ ಬಂತು. ತಟ್ಟೆ ಬಿಚ್ಚಿ ನೋಡಿದರೆ ಆರ್ ಅಕ್ಷರದ ಸುತ್ತ ಬೆರಳಗಲ ಕಪ್ಪು. ಅದರ ಕೆಳಗೇ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ 24 ವೋಲ್ಟ್ ಎಂದು ಅಚ್ಚಾಗಿತ್ತು. ನಾವಿಬ್ಬರೂ ಅದನ್ನು ಓದಿರಲಿಲ್ಲ. ಅವನ ಕೈಗೆ ಏನೂ ಆಗಲಿಲ್ಲ ಎಂಬುದೇ ದೊಡ್ಡದು.

ಆಮೇಲೆ ತಮ್ಮ ವಿವರಿಸಿದಾಗ ನನಗೆ ಅರ್ಥವಾಯಿತು. ಅವನ ಮನೆಯ ನೆಲಮಾಳಿಗೆಯಲ್ಲಿ ಗ್ಯಾಸಿನ ಬಾಯ್ಲರ್ ಇದೆ. ಅದರ ಬಿಸಿನೀರು ಕೊಳವೆಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗಿಡುತ್ತದೆ. ಅಂತಸ್ತಿಗೊಂದು ಝೋನ್, ಅಂದರೆ ಬೇರೆಯಾಗಿಯೇ ಬಿಸಿ ಮಾಡಬಹುದಾದ ಭಾಗ, ಝೋನಿಗೊಂದು ವಾಲ್ವ್. ಟ್ರಾನ್ಸ್‌ಫಾರ್ಮರ್ 24 ವೋಲ್ಟ್ ಕೊಡುತ್ತದೆ. ಕೋಣೆ ತಣ್ಣಗಾದರೆ ಥರ್ಮೋಸ್ಟಾಟ್ ಆರ್ ತಂತಿಯನ್ನು ಡಬ್ಲ್ಯುಗೆ ಕೂಡಿಸುತ್ತದೆ, ಆ ಝೋನಿನ ವಾಲ್ವ್ ತೆರೆಯುತ್ತದೆ, ವಾಲ್ವ್ ತೆರೆದ ಸುದ್ದಿ ಬಾಯ್ಲರಿಗೆ ಮುಟ್ಟಿ ಅದು ಹೊತ್ತಿಕೊಳ್ಳುತ್ತದೆ. ಸಿ ಎಂಬುದು ಥರ್ಮೋಸ್ಟಾಟಿಗೇ ಸದಾ ವಿದ್ಯುತ್ ಸಿಗಲೆಂದು ಇರುವ, ವಿದ್ಯುತ್ ಹಿಂತಿರುಗುವ ತಂತಿ. ಅಲ್ಲಿಯ ಎಷ್ಟೋ ಹಳೆಯ ಮನೆಗಳಲ್ಲಿ ಈ ಸಿ ತಂತಿಯೇ ಇಲ್ಲದೆ ಜನ ಪರದಾಡುತ್ತಾರಂತೆ. ಒಟ್ಟಿನಲ್ಲಿ ಥರ್ಮೋಸ್ಟಾಟ್ ಬಾಯ್ಲರಿಗೆ ಹೇಳುವುದು ಎರಡೇ ಮಾತು: ಹೊತ್ತಿಕೋ, ಆರು.

ನಮ್ಮದು ಇನ್ವರ್ಟರ್ ಏಸಿ, ಕಂಪ್ರೆಸರಿನ ವೇಗವನ್ನು ಬೇಕಾದಷ್ಟು ಏರಿಳಿಸುವಂಥದ್ದು. ಅದಕ್ಕೆ ಆ ಎರಡು ಮಾತು ಸಾಲುವುದಿಲ್ಲ. ಇಂಡೋರ್ ಯೂನಿಟ್ಟಿನ ಬೋರ್ಡು ಔಟ್‌ಡೋರ್ ಬೋರ್ಡಿನೊಂದಿಗೆ ಒಂದು ಸಿಗ್ನಲ್ ತಂತಿಯ ಮೂಲಕ ಎಡೆಬಿಡದೆ ಮಾತಾಡುತ್ತಿರುತ್ತದೆ. ಕೋಣೆ ಎಷ್ಟಿದೆ, ಎಷ್ಟು ಬೇಕು, ಕಂಪ್ರೆಸರ್ ಎಷ್ಟು ವೇಗದಲ್ಲಿ ತಿರುಗಬೇಕು ಎಂಬುದೆಲ್ಲ ಆ ಮಾತಿನಲ್ಲೇ ತೀರ್ಮಾನವಾಗುತ್ತದೆ. ಅದೂ ಕಂಪನಿಯಿಂದ ಕಂಪನಿಗೆ ಬೇರೆ ಭಾಷೆ. ಬೇರೆ ಕಂಪನಿಯ ಥರ್ಮೋಸ್ಟಾಟಿಗೆ ಅಲ್ಲಿ ಜೋಡಿಸುವ ಜಾಗವೇ ಇಲ್ಲ.

ಇದು ತಿಳಿಯುವ ಮೊದಲೇ ನಾವು ಎರಡನೆಯ ತಪ್ಪು ಮಾಡಿದ್ದೆವು, ಮೊದಲನೆಯದಕ್ಕಿಂತ ಕೆಟ್ಟದ್ದು. 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತಂದು, ಇನ್ನೊಂದು ಥರ್ಮೋಸ್ಟಾಟ್ ಹಚ್ಚಿ, ಅದರಿಂದ ಒಂದು ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು) ನಡೆಸಿ, ಅವ್ವನ ಕೋಣೆಯ ಇಂಡೋರ್ ಯೂನಿಟ್ಟಿಗೆ ಹೋಗುವ ಫೇಸ್ ತಂತಿಯನ್ನೇ ಆ ರಿಲೇಯ ಮೂಲಕ ಹಾಯಿಸಿದೆವು. ಪರದೆಯ ಮೇಲೆ ಅಂಕಿ ಮೂಡಿತು, ತಮ್ಮನ ಫೋನಿನಲ್ಲೂ ಕಂಡಿತು, ಎಲ್ಲರಿಗೂ ಸಂತೋಷ. ಆದರೆ ಕೋಣೆ ಬೆಚ್ಚಗಾದಾಗಲೆಲ್ಲ ರಿಲೇ ವಿದ್ಯುತ್ತನ್ನು ಕಡಿದುಹಾಕುತ್ತಿತ್ತು. ಇಂಡೋರ್ ಯೂನಿಟ್ ಇದ್ದಕ್ಕಿದ್ದಂತೆ ಸತ್ತರೆ ಔಟ್‌ಡೋರ್ ಅದನ್ನು ದೋಷ ಎಂದು ಹಿಡಿಯುತ್ತದೆ. ಸಂಕ್ರಮಣದ ವಾರದ ಆ ರಾತ್ರಿ ಅದು ಲಾಕ್ ಆಗಿ ಮೂರೂ ಕೋಣೆಯ ಯಂತ್ರ ನಿಂತವು. ನಾವು ದಪ್ಪ ರಜಾಯಿಯೊಳಗೆ ನಿದ್ದೆಯಲ್ಲಿದ್ದೆವು, ಅವ್ವ ಎದ್ದು ಕುಳಿತಿದ್ದಳು. ಎರಡು ದಿನದ ಮೇಲೆ ಅವ್ವನ ಕೋಣೆಯ ಬೋರ್ಡೇ ಹೋಯಿತು. ಹೊಸ ಬೋರ್ಡು, ಕೂಲಿ ಸೇರಿ 14,500 ರೂಪಾಯಿ. ಸರ್ವಿಸಿನವರು ರಿಲೇಯನ್ನು ನೋಡಿ, ಫೋಟೊ ತೆಗೆದು, ವಾರಂಟಿ ನಡೆಯುವುದಿಲ್ಲ ಎಂದರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಇನ್ನೊಂದು ಪೆಟ್ಟನ್ನು ಮಧ್ಯಾಹ್ನಗಳು ಕೊಟ್ಟವು. ಕೋಣೆಗೊಂದು ಝೋನ್, ಯಾರಿಗೆ ಏನು ಬೇಕೋ ಅದು ಎಂದುಕೊಂಡಿದ್ದೆವು. ಅವ್ವನಿಗೆ ಶಾಖ ಬೇಕು, ಅದೇ ಹೊತ್ತಿಗೆ ಮೇಲೆ ಮಗಳಿಗೆ ತಂಪು ಬೇಕು. ಒಂದೇ ಔಟ್‌ಡೋರ್ ಇರುವ ಸಾಮಾನ್ಯ ವ್ಯವಸ್ಥೆಯಲ್ಲಿ ಎಲ್ಲ ಕೋಣೆಗೂ ಬಿಸಿ, ಇಲ್ಲವೇ ಎಲ್ಲ ಕೋಣೆಗೂ ತಂಪು. ಎರಡು ಕೋಣೆ ಎರಡು ಬೇರೆ ಮಾತು ಹೇಳಿದರೆ ಒಂದು ನಡೆಯುತ್ತದೆ, ಮತ್ತೊಂದು ದೀಪ ಮಿಟುಕಿಸುತ್ತಾ ಸುಮ್ಮನೆ ಕಾಯುತ್ತದೆ. ಜಗತ್ತಿನ ಯಾವ ಥರ್ಮೋಸ್ಟಾಟ್ ಹಚ್ಚಿದರೂ ಇದು ಬದಲಾಗದು. ಒಂದೇ ಸಮಯಕ್ಕೆ ಎರಡನ್ನೂ ಕೊಡುವ ವ್ಯವಸ್ಥೆಗಳು ಇವೆ, ಆದರೆ ಅವು ದೊಡ್ಡ ಕಟ್ಟಡಗಳಿಗೆ ಹಾಕುವಂಥವು, ಬೆಲೆಯೂ ಹಾಗೆಯೇ. ವಯಸ್ಸಾದವರು ಇರುವ ಮನೆಯಾದರೆ ನನ್ನ ಮಾತು ಕೇಳಿ, ಅವರ ಕೋಣೆಗೆ ಬೇರೆಯದೇ ಒಂದು ಏಸಿ ಹಾಕಿಸಿ. ಅದು ಬಿಸಿಯನ್ನೂ ಮಾಡುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನವು ತಂಪನ್ನು ಮಾತ್ರ ಮಾಡುತ್ತವೆ.

ರಿಮೋಟಿನಂತೆ ಅವಗೆಂಪು ಕಿರಣ ಹಾರಿಸುವ ಸಣ್ಣ ಡಬ್ಬಿಗಳನ್ನೂ ಕೆಲವರು ಸ್ಮಾರ್ಟ್ ಥರ್ಮೋಸ್ಟಾಟ್ ಎಂದೇ ಮಾರುತ್ತಾರೆ. ಹದಿನೈದು ದಿನ ಅದನ್ನೂ ಬಳಸಿದೆವು. ಯಂತ್ರಕ್ಕೆ ಹಾನಿಯಿಲ್ಲ, ಆದರೆ ಅದು ಹೇಳಬಲ್ಲದು, ಕೇಳಲಾರದು. ಅವ್ವ ಕೈಯಲ್ಲಿ ರಿಮೋಟ್ ಒತ್ತಿ ಏಸಿ ನಿಲ್ಲಿಸಿದ್ದರೂ ತಮ್ಮನ ಫೋನಿನಲ್ಲಿ "ಚಾಲೂ, 24 ಡಿಗ್ರಿ" ಎಂದೇ ತೋರಿಸುತ್ತಿತ್ತು. ಅದನ್ನು ನಂಬಿ ಅವನು ಅಲ್ಲಿ ನಿಶ್ಚಿಂತೆಯಿಂದ ಇರುತ್ತಿದ್ದ. ವೃದ್ಧರ ಕೋಣೆಯ ವಿಷಯದಲ್ಲಿ ಸುಳ್ಳು ಸುದ್ದಿ ಸುದ್ದಿ ಇಲ್ಲದಿರುವುದಕ್ಕಿಂತ ಅಪಾಯ.

ಈಗ ಇರುವುದು ಏಸಿ ಮಾಡಿದ ಕಂಪನಿಯದೇ ವೈರ್ಡ್ ಕಂಟ್ರೋಲರ್ (ತಂತಿಯಿಂದ ಏಸಿಗೆ ಜೋಡಿಸಿ ಗೋಡೆಗೆ ಹಚ್ಚುವ ಗುಂಡಿಗಳ ಫಲಕ) ಮತ್ತು ಇಂಡೋರ್ ಬೋರ್ಡಿಗೇ ಸಿಕ್ಕಿಸುವ ವೈಫೈ ಮಾಡ್ಯೂಲ್. ಇವು ನಮ್ಮ ಮಾಡೆಲ್ಲಿಗೆ ಹೊಂದುತ್ತವೆ ಎಂದು ಸರ್ವಿಸ್ ಪುಸ್ತಿಕೆಯಲ್ಲಿ ನಂಬರ್ ಸಮೇತ ಇತ್ತು. ಆ ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಂಡೇ ಹಣ ಕೊಟ್ಟೆ. ಮಾಡ್ಯೂಲಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ಕಲ್ಲಿನ ಗೋಡೆ ದಾಟಿಸಲು ರೂಟರನ್ನು ನಡುಮನೆಗೆ ತರಬೇಕಾಯಿತು.

ಸೆನ್ಸರ್ ಎಲ್ಲಿದೆ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಗೋಡೆಗೆ ತೂಗುಹಾಕುವ ಸಾದಾ ತಾಪಮಾಪಕವೊಂದನ್ನು ಹಿಡಿದು ನೋಡಿದೆ: ಏಸಿಯ ಬಳಿ 25, ಅವ್ವನ ಹಾಸಿಗೆಯ ಬಳಿ 19. ಬಿಸಿ ಗಾಳಿ ಮೇಲೇರುತ್ತದೆ, ಮೇಲಿರುವ ಯಂತ್ರ ಕೋಣೆ ಬೆಚ್ಚಗಾಯಿತೆಂದು ತಿಳಿದು ಮೆತ್ತಗಾಗುತ್ತದೆ. ಕಂಟ್ರೋಲರಿನೊಳಗಿನ ಸೆನ್ಸರನ್ನೇ ಲೆಕ್ಕಕ್ಕೆ ಹಿಡಿಯುವಂತೆ ಸೆಟ್ಟಿಂಗ್ ಬದಲಿಸಿ, ಅದನ್ನು ಮಂಚದ ಪಕ್ಕದ ಗೋಡೆಗೆ ಹಚ್ಚಿಸಿದೆವು. ಪಡುವಣ ಬಿಸಿಲು ಬೀಳುವ ಗೋಡೆ ಬೇಡ, ಏಸಿಯ ಗಾಳಿ ನೇರ ಬಡಿಯುವ ಜಾಗವೂ ಬೇಡ.

ಫೋನಿನ ಆ್ಯಪ್ ನೋಡಿ ಮರುಳಾಗುವವರಿಗೆ ಇನ್ನೊಂದು ಮಾತು. 2011 ಮತ್ತು 2012ರಲ್ಲಿ ಬಂದ, ಅಮೆರಿಕದ ಹೆಸರಾಂತ ಸ್ಮಾರ್ಟ್ ಥರ್ಮೋಸ್ಟಾಟ್ ಆದ ನೆಸ್ಟಿನ ಮೊದಲೆರಡು ಪೀಳಿಗೆಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಿಂದ ಆ್ಯಪ್ ಬೆಂಬಲ ನಿಲ್ಲಿಸಿತು. ಗೋಡೆಯ ಮೇಲೆ ಕೈಯಿಂದ ತಿರುಗಿಸಬಹುದು, ಫೋನಿನಿಂದ ಆಗದು. ಆದ್ದರಿಂದ ಇಂಟರ್ನೆಟ್ ಇಲ್ಲದಾಗಲೂ ಕೋಣೆಯಲ್ಲಿರುವವರ ಕೈಯಿಂದಲೇ ಎಲ್ಲವೂ ನಡೆಯುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಗುಂಡಿಗಳು ದೊಡ್ಡವಿರಲಿ. ಅವ್ವನ ಬೆರಳು ಬಾಗದ ದಿನವೂ ಅವಳು ಹೆಬ್ಬೆರಳಿನ ಗೆಣ್ಣಿನಿಂದ ಒತ್ತಿ 24ಕ್ಕೆ ತರುತ್ತಾಳೆ.

ಉಳಿದ ಎರಡು ಥರ್ಮೋಸ್ಟಾಟುಗಳನ್ನು ತಮ್ಮ ಮುಂದಿನ ಸಲ ಬಂದಾಗ ಒಯ್ಯುತ್ತಾನೆ, ಅವನ ಊರಿನಲ್ಲಿ ಅವು ಕೆಲಸಕ್ಕೆ ಬರುತ್ತವೆ. ಸುಟ್ಟದ್ದರ ತಟ್ಟೆಯನ್ನು ಆ ಎಲೆಕ್ಟ್ರಿಷಿಯನ್ ಹುಡುಗ ಕೇಳಿ ತೆಗೆದುಕೊಂಡು ಹೋದ. ಯಾರಾದರೂ ಹೊರದೇಶದ ಸಾಮಾನು ತಂದು ಜೋಡಿಸು ಎಂದರೆ ಮೊದಲು ಇದನ್ನು ತೋರಿಸುತ್ತೇನೆ ಎಂದ.