ಗಾಳಿ ಇಲ್ಲ ಅಂತ ಕೈ ತೋರಿಸಿದವರನ್ನು ನಂಬಬೇಡಿ: ಕಾರವಾರ, ಕುಮಟಾ ಕಡೆ ಬೈಕ್‌ನಲ್ಲಿ ಬರುವವರಿಗೆ

ಕರಾವಳಿ ಕಡೆ ಬೈಕ್ ಟ್ರಿಪ್ ಹೊರಟಿರುವವರು ಇದನ್ನೊಮ್ಮೆ ಓದಿ. ಟ್ಯೂಬ್‌ಲೆಸ್ ಟೈರ್ ಇರುವವರಂತೂ ಓದಲೇಬೇಕು. ಹೆದ್ದಾರಿ 66ರಲ್ಲಿ ಒಬ್ಬ ಪಂಕ್ಚರ್ ಅಂಗಡಿಯವನು ನಮಗೆ ಟೋಪಿ ಹಾಕಿದ ಕಥೆ ಇದು. ಇಂಥ ಆಟ ಬೆಂಗಳೂರಿನ ರಿಂಗ್ ರೋಡಲ್ಲೂ ನಡೆಯುತ್ತದೆ. ಆದರೆ ಅಲ್ಲಿ ಸ್ವಲ್ಪ ದೂರ ತಳ್ಳಿದರೆ ಇನ್ನೊಂದು ಅಂಗಡಿ ಸಿಗುತ್ತದೆ. ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟದಲ್ಲಿ ಏನು ಸಿಗುತ್ತದೆ ಹೇಳಿ?

ಬೆಂಗಳೂರಿಂದ ಹೊರಟ ಟ್ರಿಪ್‌ನಲ್ಲಿ ಅವತ್ತು ಸುತ್ತಾಟದ ದಿನ. ಬೆಳಿಗ್ಗೆ ಕಾರವಾರದ ಟ್ಯಾಗೋರ್ ಬೀಚು, ಅಲ್ಲಿನ ಚಾಪಲ್ ಯುದ್ಧನೌಕೆ, ಆಮೇಲೆ ಮಿರ್ಜಾನ್ ಕೋಟೆ, ಯಾಣ, ರಾತ್ರಿಗೆ ಶಿರಸಿ. ಬೈಕ್ ಮೇಲೆ ನಾನು, ನನ್ನ ಹೆಂಡತಿ, ಎರಡು ಸ್ಯಾಡಲ್ ಬ್ಯಾಗು, ಹಿಂದೆ ಕಟ್ಟಿದ ಇನ್ನೊಂದು ಬ್ಯಾಗು. ಅಂಕೋಲಾ ದಾಟಿ ಶಿರೂರಿಗೆ ಬಂದೆವು. 2024ರ ಜುಲೈ 16ರಂದು ಗುಡ್ಡ ಕುಸಿದು ಜನ ಸತ್ತ ಜಾಗ ಅದು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ. ಅಲ್ಲೂ ನಿಂತು ಸೆಲ್ಫಿ ತೆಗೆಯುವವರಿದ್ದಾರೆ, ಏನು ಹೇಳೋದು. ನಾವು ನಿಲ್ಲದೆ ಮುಂದೆ ಹೋದೆವು.

ಮಿರ್ಜಾನ್ ಇನ್ನೂ ಬಂದಿರಲಿಲ್ಲ. ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು ಹಾರ್ನ್ ಹೊಡೆದ. "ಸರ್, ಹಿಂದೆ ಗಾಳಿನೇ ಇಲ್ಲ, ಮೇಡಂ ಬೇರೆ ಕೂತಿದಾರೆ. ಇಲ್ಲೇ ಮುಂದೆ ಅಂಗಡಿ ಇದೆ ನೋಡಿ" ಅಂತ ಹೇಳಿ ಹೋಗಿಬಿಟ್ಟ. ಇಳಿದು ನೋಡಿದೆ, ಹಿಂದಿನ ಟೈರು ಸ್ವಲ್ಪ ಚಪ್ಪಟೆಯಾದ ಹಾಗೆ ಕಂಡಿದ್ದು ನಿಜ. ಇಬ್ಬರ ಭಾರ, ಮೇಲೆ ಲಗೇಜು, ಇಷ್ಟಾದರೆ ಗಾಳಿ ಸರಿಯಾಗಿದ್ದರೂ ಟೈರ್ ಹಾಗೇ ಕಾಣುತ್ತದೆ, ಅವರಿಗೆ ಬೇಕಿರುವುದೂ ಅದೇ. ಒಂಟಿಯಾಗಿ ಹೋಗುವವನಿಗಿಂತ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡವನು ಬೇಗ ಹೆದರುತ್ತಾನೆ ಅನ್ನೋದೂ ಅವರಿಗೆ ಚೆನ್ನಾಗಿ ಗೊತ್ತು.

ಅಂಗಡಿಯವನು ಗಾಳಿ ಅಳೆಯುವ ಗೇಜ್ ಹಿಡಿಯಲೇ ಇಲ್ಲ. ನೇರ ಬಕೆಟ್ಟಿನಿಂದ ಸೋಪು ನೀರು ತೆಗೆದು ಬಟ್ಟೆಯಲ್ಲಿ ಟೈರ್ ಒರೆಸತೊಡಗಿದ. ಚಕ್ರ ತಿರುಗಿಸಿದ ಹಾಗೆಲ್ಲ ಒಂದೊಂದು ಕಡೆ ಗುಳ್ಳೆ. "ಎಷ್ಟು ದಿನ ಹೀಗೇ ಓಡಿಸಿದ್ದೀರಿ ಸರ್?" ಅಂತ ನನಗೇ ಬೈದ! ಒಟ್ಟು ಆರು ತೂತು, ತೂತಿಗೆ ತುರುಕುವ ಒಂದು ರಬ್ಬರ್ ಸ್ಟ್ರಿಪ್ಪಿಗೆ 250 ರೂಪಾಯಿಯಂತೆ 1500. ಆರು ತೂತು ಇರುವ ಟೈರು ಕಾರವಾರದಿಂದ ಅಲ್ಲಿಯವರೆಗೆ ಅಲುಗಾಡದೆ ಬರುತ್ತದಾ ಅಂತ ಕೇಳಿದೆ. "ಟ್ಯೂಬ್‌ಲೆಸ್ ಅಲ್ವಾ ಸರ್, ನಿಧಾನ ಇಳಿಯುತ್ತೆ" ಅಂದ. ಈ ಮಾತು ಅರ್ಧ ನಿಜ, ಒಂದು ಮೊಳೆ ಚುಚ್ಚಿಕೊಂಡಿದ್ದರೆ ಗಾಳಿ ನಿಧಾನಕ್ಕೇ ಇಳಿಯುತ್ತದೆ. ಆದರೆ ಅವನ ಕೈಯಲ್ಲಿ ಒಂದು ಮೊಳೆಯೂ ಹೊರಗೆ ಬರಲಿಲ್ಲ.

ಅಲ್ಲೇ ಹೊತ್ತು ಹೋಯಿತು. ಮಿರ್ಜಾನ್ ಕೋಟೆಯನ್ನು ಓಡೋಡಿ ನೋಡಿದೆವು. ಯಾಣ ಬಿಟ್ಟೇಬಿಟ್ಟೆವು, 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಕತ್ತಲಲ್ಲಿ ನೋಡಿ ಮಾಡುವುದೇನು? ಕುಮಟಾದಿಂದ ಸೀದಾ ಶಿರಸಿ ರಸ್ತೆ ಹಿಡಿದೆವು. ಘಟ್ಟದ ತಿರುವಿನಲ್ಲಿ ಹಿಂದಿನ ಚಕ್ರ ಹಾವಿನ ಹಾಗೆ ಹೊರಳಿತು. ಒಂದು ಸ್ಟ್ರಿಪ್ಪು ಕಿತ್ತು ಬಂದಿತ್ತು. ನೆಟ್‌ವರ್ಕ್ ಇಲ್ಲ, ಹೊತ್ತು ಮುಳುಗುತ್ತಿತ್ತು, ಎದುರಿಂದ ಲಾರಿಗಳು. ಕೊನೆಗೆ ಅಡಿಕೆ ಇಳಿಸಿ ಖಾಲಿ ವಾಪಸ್ ಹೋಗುತ್ತಿದ್ದ ಪಿಕಪ್‌ನವರು ಬೈಕ್ ಏರಿಸಿಕೊಂಡು ಶಿರಸಿಗೆ ಬಿಟ್ಟರು. ಡೀಸೆಲ್ ದುಡ್ಡಷ್ಟೇ ತೆಗೆದುಕೊಂಡರು.

ಶಿರಸಿಯಲ್ಲಿ ಟೈರ್ ಬಿಚ್ಚಿದ ಹಿರಿಯರು ನೋಡಿ ನಕ್ಕರು. "ಎಂತ ಮಾರಾಯ್ರೆ ಇದು, ರಸ್ತೆ ಮೊಳೆ ಹೀಗೆ ಸಾಲಾಗಿ ಚುಚ್ಚುತ್ತದಾ?" ಅಂದರು. ಎಲ್ಲವೂ ಒಂದೇ ಅಳತೆಯ ತೂತು, ಒಳಗೆ ಮಣ್ಣಿಲ್ಲ, ಎರಡು ತೂತು ಟೈರಿನ ಅಂಚಿಗೇ ಇದ್ದವು. ಅಂಚಿನಲ್ಲಿ ಹಾಕಿದ ಸ್ಟ್ರಿಪ್ ನಿಲ್ಲುವುದಿಲ್ಲ, ಇದನ್ನು ಓಡಿಸಬೇಡಿ ಅಂದರು. ಹೊಸ ಟೈರ್ ಹಾಕಿಸಬೇಕಾಯಿತು. ಅಂಗಡಿ ಮುಂದೆ ನನ್ನ ಹೆಂಡತಿ ಸುಮ್ನೆ ಒಂದು ವಿಡಿಯೋ ಮಾಡಿದ್ದಳು. ರಾತ್ರಿ ಅದನ್ನು ದೊಡ್ಡದು ಮಾಡಿ ನೋಡಿದರೆ ಒರೆಸುವ ಬಟ್ಟೆಯೊಳಗೆ ದಬ್ಬಳದಂಥ ಚೂಪಾದ ಕಂಬಿ ಕಾಣುತ್ತದೆ.

ಹಾಗಾಗಿ ಯಾರಾದರೂ ಕೈ ತೋರಿಸಿದರೆ ಜನ ಇರುವ ಕಡೆ ನಿಲ್ಲಿಸಿ, ಹಿಂದೆ ಕೂತವರನ್ನು ಇಳಿಸಿ, ಆಮೇಲೆ ಟೈರ್ ನೋಡಿ. ಒಂದು ಗೇಜು, ಸಣ್ಣ ಪಂಪು, ಪಂಕ್ಚರ್ ಕಿಟ್ಟು ಜೊತೆಗಿರಲಿ, ಮೂರೂ ಸೇರಿ ನಾವು ಕೊಟ್ಟ ದುಡ್ಡಿಗಿಂತ ಜಾಸ್ತಿ ಆಗೋದಿಲ್ಲ. ಅಂಗಡಿಗೇ ಹೋಗಬೇಕಾಗಿ ಬಂದರೆ ಮೊದಲು ಎಷ್ಟು ಗಾಳಿ ಇದೆ ಅಂತ ಅಳೆಸಿ, ಸೋಪು ನೀರು ನೀವೇ ಹಾಕಿ, ಬಟ್ಟೆ ಅವರ ಕೈಗೆ ಕೊಡಬೇಡಿ. ಟೀ ಕುಡಿದು ಬನ್ನಿ ಸರ್ ಅಂದರೆ ಅಲ್ಲಿಂದ ಕದಲಬೇಡಿ. ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಹೆದ್ದಾರಿ ಸಹಾಯವಾಣಿ 1033, ಜಗಳಕ್ಕೆ ಬಂದರೆ 112ಕ್ಕೆ ಫೋನ್ ಮಾಡಿ. ಘಟ್ಟ ಹತ್ತುವ ಮೊದಲೇ ಕುಮಟಾದಲ್ಲೋ ಅಂಕೋಲಾದಲ್ಲೋ ಪೆಟ್ರೋಲ್ ಬಂಕಿನಲ್ಲಿ ಇನ್ನೊಮ್ಮೆ ಗಾಳಿ ನೋಡಿಸಿ.

ಅಂಗಡಿ ಹೆಸರು ಏನು ಅಂತ ಕೇಳಬೇಡಿ, ಬೋರ್ಡೇ ಇರಲಿಲ್ಲ. ಒಂದು ಕಂಪ್ರೆಸರ್, ನೇತುಹಾಕಿದ ಹಳೇ ಟೈರು, ಮೇಲೆ ನೀಲಿ ತಾಡಪಾಲು, ಅಷ್ಟೇ.