ತಿಂಗಳುಗಟ್ಟಲೆ ಉಳಿಯುವ ಹೋಟೆಲ್: ಮೊದಲು ಒಲೆ ನೋಡಿ, ಆಮೇಲೆ ಬಾಡಿಗೆ

ದೀರ್ಘ ವಾಸಕ್ಕೆ ಮಾಮೂಲಿ ಹೋಟೆಲ್‌ಗಿಂತ ಎಕ್ಸ್‌ಟೆಂಡೆಡ್ ಸ್ಟೇ ಹೋಟೆಲ್, ಅಂದರೆ ಕೋಣೆಯಲ್ಲೇ ಅಡುಗೆ ಮಾಡಿಕೊಂಡು ವಾರ, ತಿಂಗಳುಗಟ್ಟಲೆ ಇರಬಹುದಾದ ಹೋಟೆಲ್, ಎಷ್ಟೋ ವಾಸಿ. ಆದರೆ ಅಡುಗೆಮನೆ ನೆಟ್ಟಗಿರಬೇಕು. ‘ಕಿಚನೆಟ್’ (ಪುಟ್ಟ ಅಡುಗೆಮನೆ) ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಬರೀ ಮೈಕ್ರೋವೇವ್, ಮೊಣಕಾಲೆತ್ತರದ ಫ್ರಿಜ್ ಇಟ್ಟು ಅದೇ ಹೆಸರು ಕೊಡುವವರಿದ್ದಾರೆ. ಫೋನ್ ಮಾಡಿ ಕೇಳಿ: ಎಷ್ಟು ಬರ್ನರ್, ಪಾತ್ರೆ ಕೋಣೆಯಲ್ಲೇ ಇರುತ್ತವೋ ಕೌಂಟರ್‌ನಲ್ಲಿ ಕೇಳಿ ತರಬೇಕೋ, ಬಚ್ಚಲು ಬಿಟ್ಟು ಬೇರೆ ಸಿಂಕ್ ಇದೆಯೋ. ಇಂಡಕ್ಷನ್ ಒಲೆಯಾದರೆ ಬರೀ ಅಲ್ಯೂಮಿನಿಯಂ ಪಾತ್ರೆ ಸಾಮಾನ್ಯವಾಗಿ ಕಾಯುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತದೆ. ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಬಿಡದೆ ಕೋಣೆಗೇ ತಿರುಗಿಸುವಂಥದ್ದಾದರೆ ಏನೇ ಹುರಿದರೂ ಅಲಾರಂ ಕೂಗೀತು, ಹೊದಿಕೆಗೂ ವಾಸನೆ ಹಿಡಿಯುತ್ತದೆ.

ಕೋಣೆ ಗುಡಿಸಿ ಒರೆಸುವುದು ಹೆಚ್ಚಾಗಿ ವಾರಕ್ಕೊಮ್ಮೆ. ಟವೆಲ್ ನಡುವೆ ಬದಲಿಸುತ್ತಾರೆಯೇ, ಕೇಳಿಕೊಳ್ಳಿ.

ದರ ಸಾಮಾನ್ಯವಾಗಿ 7 ರಾತ್ರಿ ಉಳಿದರೆ ಒಮ್ಮೆ, 30 ರಾತ್ರಿ ಉಳಿದರೆ ಮತ್ತೊಮ್ಮೆ ಇಳಿಯುತ್ತದೆ. 27 ರಾತ್ರಿ ಸಾಕೆನ್ನುವವರೂ 30ರ ಒಟ್ಟು ಮೊತ್ತ ಕೇಳಿ ನೋಡಬೇಕು, ಕೆಲವೊಮ್ಮೆ ಅದೇ ಅಗ್ಗ. ಅವಧಿಗೆ ಮುಂಚೆ ಹೊರಟರೆ ಕಳೆದ ರಾತ್ರಿಗಳಿಗೂ ದಿನದ ದರ ಹಾಕುವ ಷರತ್ತು ಇರಬಹುದು. ಸಹಿಗೆ ಮುಂಚೆ ಆ ಸಾಲು ಓದಿ. ಕೆಲವೆಡೆ 30 ದಿನದ ವಾಸಕ್ಕೆ ಕೊಠಡಿ ತೆರಿಗೆ ವಿನಾಯಿತಿ ಉಂಟು, ಬಂದ ದಿನವೇ ಲಿಖಿತವಾಗಿ ತಿಳಿಸಿದರೆ ಒಳ್ಳೆಯದು. ಗುರುತಿಲ್ಲದ ಜಾಗಕ್ಕೆ ಮೊದಲು ಒಂದೇ ವಾರ ಬುಕ್ ಮಾಡಿ, ವಿಸ್ತರಿಸಿದರೆ ತಿಂಗಳ ದರ ಮೊದಲ ದಿನದಿಂದಲೇ ಸಿಗುತ್ತದೆಯೇ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ.